ಗಲ್ಲ ಬಡಿದುಕೊಳ್ಳುತ್ತಿದ್ದ ಅಕ್ಕ

ನಿನ್ನೆ ಮೊಮ್ಮಗ ಕಿವಿ ನೋವೆಂದು ಅತ್ತ. ಸೊಸೆ ಡಾಕ್ಟರಿಗೆ ಫೋನು ಹಚ್ಚುವಷ್ಟರಲ್ಲಿ ಬೀಗತಿ ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಯಲಬುರ್ಗಾದ ನಮ್ಮ ಪಕ್ಕದ ಮನೆಯ ಪಡಸಾಲೆ ಕಣ್ಣ ಮುಂದೆ ಬಂತು. ಅಲ್ಲಿ ಅಕ್ಕ ಮಲಗಿದ್ದಳು…

ಅದು ಎಪ್ಪತ್ತರ ದಶಕದ ಕೊನೆ. ಅಕ್ಕನೆಂದರೆ ಪಕ್ಕದ ಮನೆಯ ದೊಡ್ಡವ್ವನ ಒಬ್ಬಳೇ ಮಗಳು. ದೇಹ ಬೆಳೆದಿತ್ತು, ಬುದ್ಧಿ ಬೆಳೆದಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಓಣಿಯವರ ಬಾಯಲ್ಲಿ ಅವಳು ಬರೀ ‘ಹುಚ್ಚಿ’. ಯಾವ ಜನ್ಮದ ಪಾಪವೋ ಎಂದು ದೊಡ್ಡವ್ವನ ಎದುರಿಗೇ ಅನ್ನುವ ಪುಣ್ಯವಂತರೂ ಇದ್ದರು. ದೊಡ್ಡವ್ವ ಪ್ರತಿ ಶನಿವಾರ ಮಗಳ ತಲೆ ಬಾಚಿ ಹನುಮಪ್ಪನ ಗುಡಿಗೆ ಕರೆದೊಯ್ಯುತ್ತಿದ್ದಳು.

ಒಂದು ಬೇಸಿಗೆ ಅಕ್ಕ ಗಲ್ಲ ಬಡಿದುಕೊಳ್ಳತೊಡಗಿದಳು. ದೇವರ ಮುಂದೆ ತಪ್ಪಾಯಿತೆಂದು ಎರಡೂ ಗಲ್ಲ ಮೆಲ್ಲಗೆ ಬಡಿದುಕೊಳ್ಳುವುದು ನಮ್ಮಲ್ಲಿ ರೂಢಿ. ಅಕ್ಕ ಗುಡಿಯಲ್ಲಷ್ಟೇ ಅಲ್ಲ, ಕಟ್ಟೆಯ ಮೇಲೆ, ಉಣ್ಣುವಾಗ, ಎಲ್ಲೆಂದರಲ್ಲಿ ಬಡಿದುಕೊಂಡಳು. ಅದೂ ಬಲಗಲ್ಲ ಮಾತ್ರ, ಕಿವಿಯ ಬುಡಕ್ಕೆ ಬೀಳುವ ಹಾಗೆ. ಹುಚ್ಚಿಗೆ ಭಕ್ತಿ ಬಂತೆಂದು ಓಣಿಯೇ ಬೆರಗಾಯಿತು. ಕಾಯಿ ಒಡೆಸಿದವರು ಮೊದಲ ಚೂರು ಅವಳ ಕೈಗಿಟ್ಟರು. ಅವಳು ಅಗಿಯದೆ ಅದನ್ನು ಮುಷ್ಟಿಯಲ್ಲೇ ಹಿಡಿದು ಕೂತರೆ, ಉಪವಾಸ ಮಾಡುತ್ತಾಳೆ ಎಂದರು.

“ಏನೂ ತಿಳಿಯೂದಿಲ್ಲ ಅಂತಿದ್ರಲ್ಲ, ನನ್ನ ಮಗಳಿಗಿ ದೇವರು ತಿಳದಾನ ನೋಡವ್ವಾ,” ಎಂದು ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಓಣಿಯಲ್ಲಿ ತಲೆ ಎತ್ತಿ ನಡೆದದ್ದನ್ನು ನಾನು ನೋಡಿದ್ದು ಆ ಬೇಸಿಗೆಯಲ್ಲಿ ಮಾತ್ರ.

ಮಳೆಗಾಲದ ಹೊತ್ತಿಗೆ ದಿಂಬಿನ ಮೇಲೆ ಕೀವು ಕಂಡಿತು. ದೊಡ್ಡವ್ವ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಕಿವಿಗೆ ಬಿಟ್ಟಳು. ಮೈ ಸುಡತೊಡಗಿದಾಗ, ಕಾಲೇಜು ಓದುವವಳೆಂದು ನನ್ನನ್ನೂ ಕರೆದುಕೊಂಡು ಕೊಪ್ಪಳದ ಬಸ್ಸು ಹತ್ತಿದಳು. ಡಾಕ್ಟರು ಕುರ್ಚಿ ಬಿಟ್ಟು ಏಳಲಿಲ್ಲ. ಕಿವಿ ಸೋರುತ್ತಿದೆ ಎಂದು ನಾನು ಮತ್ತೆ ಮತ್ತೆ ಹೇಳಿದೆ.

“ಇಂಥವರು ಬಡಕೊಳ್ಳೂದು ಇದ್ದದ್ದ. ನಿದ್ದಿ ಗುಳಿಗಿ ಬರದೀನಿ, ಮಲಗಿಸ್ರಿ,” ಎಂದರು.

ಅಕ್ಕ ಮಲಗಿದಳು. ವಾರ ತುಂಬುವುದರೊಳಗೆ ಹೋದಳು…

ಆ ಸಿಟ್ಟೇ ನನ್ನನ್ನು ಓದಿಸಿತು. ಇಂಥವರು ಉಳಿದವರಿಗಿಂತ ಬೇಗ ಯಾಕೆ ಸಾಯುತ್ತಾರೆ ಎಂಬುದನ್ನೇ ಹಿಡಿದು ಕೂತೆ. ಸಂಶೋಧನೆಯೆಂದು ಕುಷ್ಟಗಿ, ಗಂಗಾವತಿಯ ಹಳ್ಳಿಗಳನ್ನು ಸುತ್ತಿದೆ. ಹೋದಲ್ಲೆಲ್ಲ ನೋವನ್ನು ಸ್ವಭಾವವೆಂದು ತಿಳಿದವರೇ ಸಿಕ್ಕರು. ಎಂಬತ್ತರ ದಶಕ ಮುಗಿಯುವಾಗ ಪಿಎಚ್‌ಡಿ ಪಡೆದು ಊರಿಗೆ ಹೋದರೆ ದೊಡ್ಡವ್ವ ಹಾಸಿಗೆ ಹಿಡಿದಿದ್ದಳು. ನನ್ನ ಕೈ ಬಿಡಲಿಲ್ಲ.

“ನೀ ಅಂಥವರ ಬಗ್ಗೆನ ಓದೀದಿ ಅಂತಾರಲ್ಲ. ಅಕಿ ಅಷ್ಟು ಬೇಡಿಕೊಂಡಿದ್ದು ದೇವರಿಗಿ ಮುಟ್ಟಿತ್ತೇನವ್ವಾ?”

ಮುಟ್ಟೈತಿ ದೊಡ್ಡವ್ವಾ, ಎಂದೆ. ಅಷ್ಟು ವರ್ಷ ಓದಿದ್ದು ಅವಳಿಗೆ ಉಪಯೋಗಕ್ಕೆ ಬಂದದ್ದು ಆ ಒಂದು ಸುಳ್ಳಿನಲ್ಲಿ.

ನಿನ್ನೆ ಡಾಕ್ಟರು ಮೊಮ್ಮಗನ ಕಿವಿಯೊಳಗೆ ಬೆಳಕು ಬಿಟ್ಟು ನೋಡಿ ಔಷಧಿ ಕೊಟ್ಟರು. ಸಂಜೆಗೆ ಹುಡುಗ ಆಡತೊಡಗಿದ. ಎಷ್ಟು ಸಣ್ಣ ಕೆಲಸ ಅದು… ಎಣ್ಣೆಯ ಬಟ್ಟಲು ಅಡುಗೆಮನೆಯಲ್ಲಿ ಹಾಗೆಯೇ ಆರಿತ್ತು. ಚೆಲ್ಲಬೇಕೆಂದು ಕೈಗೆತ್ತಿಕೊಂಡವಳಿಗೆ ಚೆಲ್ಲಲಾಗಲಿಲ್ಲ.