ಬಾಗಿಲ ಹಿಂದಿನ ಕೋಟು

ನಮ್ಮತ್ತೆ, ಅಂದರೆ ಅಪ್ಪನ ಕೊನೇ ತಂಗಿ, ಬಟ್ಟೆ ಹೊಲಿಯುವವಳು. ಅಕ್ಕಂದಿರ ಬೆನ್ನಿಗೆ ಹುಟ್ಟಿದವಳು, ಅವರು ಬಿಟ್ಟ ಬಟ್ಟೆಯಲ್ಲೇ ಬೆಳೆದಳು. ಹಿಂದಿನಿಂದ ಲಂಗ ನೋಡಿ ಜನ ಅಕ್ಕನ ಹೆಸರು ಹಿಡಿದು ಕೂಗುತ್ತಿದ್ದರಂತೆ, ಇವಳು ಮುಖ ಊದಿಸಿಕೊಂಡು ತಿರುಗುತ್ತಿದ್ದಳಂತೆ. ಹೊರದೇಶದ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಾಗ ವಯಸ್ಸು ನಲವತ್ತು ದಾಟಿತ್ತು. ಮನೆಯವರೆಲ್ಲ ಬೇಡವೆಂದರು.

"ಇಲ್ಲಿ ನಾನು ಯಾರದೋ ತಂಗಿ, ಯಾರದೋ ಅತ್ತೆ. ಅಲ್ಲಾದರೂ ನಾನು ನಾನಾಗಿ ಇರ್ತೀನಿ" ಎಂದವಳೇ ಹೊರಟುಬಿಟ್ಟಳು. ಹಟ ಹಿಡಿದರೆ ಅವಳನ್ನು ತಡೆಯುವವರು ನಮ್ಮ ಮನೆತನದಲ್ಲಿ ಇನ್ನೂ ಹುಟ್ಟಿಲ್ಲ.

ಆ ನಗರ ಮೊದಲ ದಿನ ಅವಳಿಗೆ ಒಂದಿಷ್ಟೂ ಹಿಡಿಸಲಿಲ್ಲ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಕತ್ತಲೆ. ಕಿಟಕಿಗಳೆಲ್ಲ ಮುಚ್ಚಿವೆ. ಬೀದಿ ತುಂಬ ಜನ, ಆದರೆ ಒಬ್ಬರ ಬಾಯಲ್ಲೂ ಮಾತಿಲ್ಲ, ಹೆಜ್ಜೆ ಸಪ್ಪಳ ಮಾತ್ರ. ಒಳ್ಳೆಯದೂ ಇತ್ತೆನ್ನಿ. ನಲ್ಲಿ ತಿರುಗಿಸಿದರೆ ಬಿಸಿನೀರು. ರಸ್ತೆ ದಾಟಲು ನಿಂತರೆ ಕಾರು ತಾನಾಗಿಯೇ ನಿಲ್ಲುತ್ತಿತ್ತು. ಮೊದಲ ಸಲ ಹಾಗೆ ನಿಂತದ್ದನ್ನು ಅತ್ತೆ ಕೆಟ್ಟುಹೋಗಿದೆ ಅಂದುಕೊಂಡು ತಳ್ಳಲು ಹೋದಳಂತೆ.

ಅಂಗಡಿಯ ಮಾಲೀಕ ಗೊತ್ತುಮಾಡಿದ್ದ ಬಾಡಿಗೆ ಕೋಣೆಯ ಬಾಗಿಲ ಹಿಂದೆ ಒಂದು ಕಂದು ಕೋಟು ನೇತಾಡುತ್ತಿತ್ತು. ಬೇಕಾದರೆ ಹಾಕಿಕೋ, ಬೇಡವಾದರೆ ಬಿಸಾಡು ಎಂದು ಮನೆಯೊಡತಿ ಸನ್ನೆ ಮಾಡಿದಳು. ಬೇರೆಯವರ ಬಟ್ಟೆ ಹಾಕುವುದು ಅತ್ತೆಗೆ ಹೊಸದೇ? ಕೊರೆಯುವ ಚಳಿ ಬೇರೆ. ಹಾಕಿಕೊಂಡು ನೋಡಿದರೆ ಭುಜ, ತೋಳು, ಉದ್ದ, ಎಲ್ಲಾ ಅವಳದೇ ಅಳತೆ.

ಮಾರನೇ ದಿನದಿಂದ ಊರೇ ಬೇರೆಯಾಯಿತು. ಮೂಗಿನವರೆಗೆ ಶಾಲು ಸುತ್ತಿಕೊಂಡು ಹೊರಟವಳನ್ನು ದೂರದಿಂದಲೇ ಕಂಡು ಬ್ರೆಡ್ಡಂಗಡಿಯ ಹೆಂಗಸು ನಕ್ಕಳು. ಬಸ್ ಡ್ರೈವರ್ ಇವಳಿಗಾಗಿ ಕಾದ. ಇಲ್ಲಿನ ಜನ ಚಿನ್ನದಂಥವರು ಎಂದು ಅತ್ತೆ ಫೋನಿನಲ್ಲಿ ಹೊಗಳಿದ್ದೇ ಹೊಗಳಿದ್ದು. ಬೇಡವೆಂದಿದ್ದ ನಾವೆಲ್ಲ ಪೆಚ್ಚಾದೆವು.

ಆದರೆ ಬ್ರೆಡ್ಡಿನವಳು ಇವಳು ಬಾಯಿ ತೆರೆಯುವ ಮೊದಲೇ ಬ್ರೆಡ್ಡನ್ನು ಎರಡಾಗಿ ಕೊಯ್ದು ಅರ್ಧವನ್ನು ಬೇರೆ ಕಟ್ಟುತ್ತಿದ್ದಳು. ಒಂದು ಸಂಜೆ ಡ್ರೈವರ್ ನಡುದಾರಿಯ ಒಂದು ಮೂಲೆಯಲ್ಲಿ ಬಸ್ ನಿಲ್ಲಿಸಿ, ಬಾಗಿಲು ತೆರೆದು, ಇವಳು ಇಳಿಯಲೆಂದು ಕಾದ. ಅಲ್ಲಿ ಅವಳಿಗೆ ಏನೂ ಕೆಲಸವಿರಲಿಲ್ಲ. ಆದರೂ ಏಕೋ ಇಳಿದಳು. ಗೇಟಿನ ಹಿಂದಿನಿಂದ ಒಂದು ನಾಯಿ ಬಾಲ ಅಲ್ಲಾಡಿಸುತ್ತ ಓಡಿಬಂದು ಕೋಟಿನ ಅಂಚು ಮೂಸಿತು, ಜೇಬಿಗೆ ಮೂತಿ ತೂರಿಸಿತು. ಆಮೇಲೆ ತಲೆ ಎತ್ತಿ ಅವಳ ಮುಖ ನೋಡಿತು. ನೋಡಿದ್ದೇ ಹಿಂದೆ ಸರಿದು ಗುರುಗುಟ್ಟತೊಡಗಿತು. ಅರ್ಧ ಬ್ರೆಡ್ಡು ಯಾರಿಗೆಂದು ಅತ್ತೆಗೆ ಆಗ ಗೊತ್ತಾಯಿತು.

ಅಂಗಡಿಯಲ್ಲಿ ಇಸ್ತ್ರಿ ಮಾಡುವವನು ಕನ್ನಡದವನು, ಅಲ್ಲಿ ಬಹಳ ವರ್ಷದಿಂದ ಇದ್ದವನು. ಮರುದಿನ ಅವನನ್ನು ಹಿಡಿದು ನಿಲ್ಲಿಸಿ, ಕೋಟು ಯಾರದೆಂದು ಕೇಳಿದಳು. ಇವಳ ಕೋಣೆಯಲ್ಲೇ ಇದ್ದು ಇವಳ ಮೆಶಿನ್ನಿನಲ್ಲೇ ಹೊಲಿಯುತ್ತಿದ್ದ, ಇವಳಂತೆಯೇ ಎಲ್ಲಿಂದಲೋ ಬಂದಿದ್ದ ಹೆಂಗಸಿನ ಕೋಟಂತೆ ಅದು. ಒಂದು ದಿನ ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸಿದಳು. ಬೇರೆ ಕೆಲಸ ಸಿಕ್ಕಿರಬೇಕು ಎಂದು ಮಾಲೀಕ, ತನ್ನ ದೇಶಕ್ಕೆ ಹೋಗಿರಬೇಕು ಎಂದು ಮನೆಯೊಡತಿ.

"ಇಷ್ಟು ಚಳೀಲಿ ಕೋಟು ಬಿಟ್ಟು ಯಾವ ದೇಶಕ್ಕೆ ಹೋಗ್ತಾಳಪ್ಪಾ? ಯಾರೂ ಹುಡುಕಲಿಲ್ವಾ?"

ಅವನು ಉಜ್ಜಿದ ಅಂಗಿತೋಳನ್ನೇ ಮತ್ತೆ ಉಜ್ಜುತ್ತ ನಿಂತ. "ಯಾಕೆ ಹುಡುಕ್ತಾರೆ ಅಕ್ಕಾ? ದಿನಾ ಬೀದೀಲಿ ಕಾಣ್ತಾನೇ ಇದ್ದಾಳಲ್ಲ."

ಜನ ಕಂಡದ್ದು ತನ್ನನ್ನಲ್ಲ, ಕೋಟನ್ನು ಎಂದು ಅತ್ತೆಗೆ ಆಗ ಹೊಳೆಯಿತು. ಇಷ್ಟು ದಿನ ತನಗೆ ಸಿಕ್ಕ ನಗೆಯೆಲ್ಲ ಅವಳದು. ಕೋಟು ಬಿಚ್ಚಿದರೆ ಈ ಊರಿನಲ್ಲಿ ತನ್ನನ್ನು ಬಲ್ಲವರೇ ಇಲ್ಲ. ಬಿಚ್ಚದಿದ್ದರೆ ಅವಳು ಇಲ್ಲವೆಂಬುದು ಯಾರಿಗೂ ತಿಳಿಯುವುದಿಲ್ಲ.

ಮರುದಿನ ಬೆಳಿಗ್ಗೆ ಕೋಟನ್ನು ಮಡಿಸಿ ತೋಳಿಗೆ ಹಾಕಿಕೊಂಡು, ಶಾಲು ಕೆಳಗಿಳಿಸಿ, ನಡುಗುತ್ತ ಬ್ರೆಡ್ಡಂಗಡಿಗೆ ಹೋದಳು. ಅಂಗಡಿಯವಳು ಅಪರಿಚಿತರನ್ನು ನೋಡುವಂತೆ ನೋಡಿದಳು. ಅತ್ತೆ ಕೋಟನ್ನು ಅವಳ ಮುಂದಿಟ್ಟು, ತನ್ನ ಎದೆ ಮುಟ್ಟಿಕೊಂಡು, ಅಲ್ಲವೆಂದು ತಲೆ ಅಲ್ಲಾಡಿಸಿದಳು. ಆ ಹೆಂಗಸು ಕೋಟು ನೋಡಿದಳು, ಅತ್ತೆಯ ಮುಖ ನೋಡಿದಳು, ಖಾಲಿ ಬೀದಿಯ ಕಡೆ ನೋಡಿದಳು. ಆಮೇಲೆ ಸೆರಗಿಲ್ಲದ್ದಕ್ಕೆ ಏಪ್ರನ್ನನ್ನೇ ಬಾಯಿಗೆ ಒತ್ತಿಕೊಂಡು ಅತ್ತಳು. ಅಂಗಡಿ ಮುಚ್ಚಿ ಅತ್ತೆಯ ಕೈಹಿಡಿದು ಪೊಲೀಸರ ಬಳಿ ಎಳೆದುಕೊಂಡು ಹೋದವಳೂ ಅವಳೇ.

ಕಳೆದುಹೋದವಳು ಸಿಗಲಿಲ್ಲ. ಬಹಳ ತಡವಾಗಿತ್ತು ಎಂದರಂತೆ. ತಡಮಾಡಿದ್ದು ತಾನೇ ಎಂದು ಅತ್ತೆ ಇವತ್ತಿಗೂ ಸಂಕಟಪಡುತ್ತಾಳೆ.

ಆದರೂ ಅವಳು ಅಲ್ಲೇ ಇದ್ದಾಳೆ. ಇಸ್ತ್ರಿಯವನಿಂದ ಆ ಊರ ಭಾಷೆಯಲ್ಲಿ ಒಂದೇ ಒಂದು ಮಾತು ಬಾಯಿಪಾಠ ಮಾಡಿಕೊಂಡಿದ್ದಾಳೆ. ದಿನಾ ಬ್ರೆಡ್ಡು ತೆಗೆದುಕೊಂಡು, ಅರ್ಧ ನಾಯಿಗೆಂದು ಬೇರೆ ಕಟ್ಟಿಸಿಕೊಂಡು, ಹೊರಡುವಾಗ ಬ್ರೆಡ್ಡಿನವಳಿಗೆ, ನಾವು ಹೇಳುವ ಹಾಗೇ ಶುರುಮಾಡಿ, ಆ ಮಾತು ಹೇಳುತ್ತಾಳೆ:

"ಬರ್ತೀನಿ. ನಾಳೆ ಬರದಿದ್ದರೆ, ಎಲ್ಲಿ ಅಂತ ಕೇಳು."