ಅದಲುಬದಲಾದ ತೋಳು

ಏಯ್, ಕೇಳ್ರಪ್ಪೋ, ಒಂದು ನಿಮಿಷ ನಿಲ್ಲಿ! ನಮ್ಮ ಟೈಲರ್ ಹುಡುಗಿ ಈಗ ಏಳು ತಿಂಗಳ ಬಸುರಿ. ಕೂತಲ್ಲೇ ಕಣ್ಣು ಮುಚ್ಚಿಹೋಗುವಷ್ಟು ಸುಸ್ತು. ಆದರೂ ರಜೆ ಕೇಳಲು ಬಾಯಿ ಬರದು. ತನ್ನ ಕೆಲಸವೆಲ್ಲ ಪಕ್ಕದ ಮಿಷಿನ್ನಿನ ಅಕ್ಕನ ತಲೆಗೆ ಬೀಳುತ್ತದಲ್ಲ ಎಂಬ ಅಳುಕು.

ಇವತ್ತು ಒಂದು ಅಂಗಿಗೆ ಎಡತೋಳನ್ನು ಬಲಕ್ಕೆ, ಬಲತೋಳನ್ನು ಎಡಕ್ಕೆ ಕೂಡಿಸಿಬಿಟ್ಟಳು.

ಅಕ್ಕ ಅಂಗಿ ಎತ್ತಿ ನೋಡಿ, "ಇದನ್ನ ಹಾಕ್ಕೊಂಡೋನು ಹಿಂದಕ್ಕೇ ನಡೀಬೇಕು ಕಣೇ!" ಎಂದು ನಕ್ಕಳು.

"ನಾ ಮನೇಲಿ ಕೂತ್ರೆ ನಿಂಗೆ ಹೊರೆ ಅಲ್ವೇನಕ್ಕಾ?"

"ಈಗೇನು ಕಮ್ಮೀನಾ? ಬಿಚ್ಚೋದೂ ನಾನೇ, ಮತ್ತೆ ಹೊಲಿಯೋದೂ ನಾನೇ! ಹೋಗಿ ರಜೆ ಕೇಳು."

ಹುಡುಗಿ ಎದ್ದು ಹೋಗಿ ಮಾಲೀಕರನ್ನು ಕೇಳಿದಳು. ಅವರು ಹೂಂ ಎಂದರು. ಅಕ್ಕ ಒಳಗೊಳಗೇ ಬೈದುಕೊಂಡಳೇನೋ ಎಂದು ದಾರಿಯುದ್ದಕ್ಕೂ ಕೊರಗುತ್ತಾ ಮನೆಗೆ ಬಂದವಳು, ಚಪ್ಪಲಿಯನ್ನೂ ಬಿಡದೆ ಮಂಚದ ಮೇಲೆ ಉರುಳಿ ನಿದ್ದೆಹೋದಳು.