ಮೆಡಿಕಲ್ ಸೀಟು ಮತ್ತು ನಾಲ್ಕು ಗಂಟೆಯ ಎಚ್ಚರ

ಮೊದಲು ಕೈಯಿಂದ ಹೋದದ್ದು ಕಾಫಿ ಲೋಟ. ಜಾರಿದ್ದಲ್ಲ, ಕೈಯೇ ಅದನ್ನು ಎಸೆಯಿತು. ಗಮನ ಎಲ್ಲಿಟ್ಟಿದ್ದೀ ಎಂದು ಅಮ್ಮ ಬೈದಳು. ಮಾರನೆಯ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷು ಹಾರಿತು. ನಾನು ಯಾರಿಗೂ ಹೇಳಲಿಲ್ಲ.

ಆ ವಾರವೇ ಕಾಗದ ಬಂದಿತ್ತು. ಹೈಸ್ಕೂಲು ಮುಗಿಸುವ ಮೊದಲೇ ಮೆಡಿಕಲ್ ಸ್ಕೂಲಿನಲ್ಲಿ ನನಗೊಂದು ಸೀಟು. ಇಲ್ಲಿ ಮೆಡಿಕಲ್‌ಗೆ ಮೊದಲು ಓದಲೇಬೇಕಾದ ನಾಲ್ಕು ವರ್ಷದ ಕಾಲೇಜು ಎರಡೇ ವರ್ಷಕ್ಕೆ ಮುಗಿಯುತ್ತದೆ. ಒಪ್ಪಿಗೆಗೆ ಐದು ವಾರದ ಗಡುವು. ಅಮೆರಿಕದ ಸ್ಯಾನ್ ರಮೋನ್‌ನ ನಮ್ಮ ಬೀದಿಗೆಲ್ಲ ಅಪ್ಪ ಪೇಡೆ ಹಂಚಿದರು.

ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಬಿದ್ದೆ.

ಎಚ್ಚರವಾದಾಗ ಬಾಯಲ್ಲಿ ರಕ್ತ. ನಾಲಿಗೆ ಕಚ್ಚಿಕೊಂಡಿದ್ದೆ. ತಲೆ ಅಜ್ಜಿಯ ತೊಡೆಯ ಮೇಲಿತ್ತು. ಧಾರವಾಡದಿಂದ ಬಂದು ನನ್ನನ್ನು ಸಾಕಿ, ಕನ್ನಡ ಕಲಿಸಿದವಳು ಅವಳು.

ಎಮರ್ಜೆನ್ಸಿ. ಸ್ಕ್ಯಾನು. ಇ.ಇ.ಜಿ. ನ್ಯೂರಾಲಜಿಸ್ಟು ಎಪಿಲೆಪ್ಸಿ ಎಂದರು, ಕೈ ಲೋಟ ಎಸೆದದ್ದೂ ಅದರಿಂದಲೇ. ಮೂರ್ಛೆರೋಗ ಎಂದು ಅಜ್ಜಿಗೆ ನಾನೇ ಬಿಡಿಸಿ ಹೇಳಬೇಕಾಯಿತು.

ದಿನಕ್ಕೆಷ್ಟು ಹೊತ್ತು ನಿದ್ದೆ ಎಂದು ಡಾಕ್ಟರು ಕೇಳಿದರು. ಎಂಟು ಗಂಟೆ ಎಂದಳು ಅಮ್ಮ. ಅದು ಸುಳ್ಳು. ನಮ್ಮ ಮನೆಯಲ್ಲಿ ಓದುವ ಮಕ್ಕಳು ನಾಲ್ಕು ಗಂಟೆಗೆ ಏಳಬೇಕು. ಆ ಹೊತ್ತಿಗೆ ಓದಿದ್ದು ಮರೆಯುವುದಿಲ್ಲವೆಂದು ಅಜ್ಜಿಯ ನಂಬಿಕೆ. ಮೂರು ವರ್ಷದಿಂದ ಅವಳು ಕಾಫಿ ಹಿಡಿದು ಎಬ್ಬಿಸುತ್ತಿದ್ದಳು. ನಾನು ಮಲಗುತ್ತಿದ್ದದ್ದೋ ಹನ್ನೆರಡಕ್ಕೆ. ಅದನ್ನು ಅಮೆರಿಕನ್ನರ ಮುಂದೆ ಹೇಳಲು ಅಮ್ಮನಿಗೆ ನಾಚಿಕೆ.

ಮಾತ್ರೆ ನುಂಗುತ್ತಿದ್ದರೂ ಕೈ ಎಗರುವುದು ನಿಲ್ಲಲಿಲ್ಲ. ಎರಡನೇ ವಿಸಿಟಿಗೆ ಅಮ್ಮನನ್ನು ಹೊರಗೆ ಕೂರಿಸಿ ನಿಜ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಈ ರೋಗದ ಬೇರು ಮೆದುಳಿನಲ್ಲೇ ಇರುವಂಥದ್ದು, ನಿದ್ದೆಗೆಟ್ಟರೆ ಹೊರಗೆ ಬರುತ್ತದೆ ಎಂದರು. ಹಾಗಾದರೆ ನಾನು ಡಾಕ್ಟರಾಗಬಹುದೇ ಎಂದು ಕೇಳಿದೆ. ಆಗಬಹುದು, ಆದರೆ ಯಾಕಿಷ್ಟು ಅವಸರ, ಮೊದಲು ಔಷಧಿ ಒಗ್ಗಲಿ ಎಂದರು.

ಕಣ್ಣು ಮುಚ್ಚಿದರೆ ಒಂದೇ ಚಿತ್ರ: ಈಗಷ್ಟೇ ಹುಟ್ಟಿದ ಮಗು ಡಾಕ್ಟರಾದ ನನ್ನ ಕೈಯಲ್ಲಿದೆ.

ಕೈ ಎಗರುತ್ತದೆ.

ಸೀಟು ಬಿಡುತ್ತೇನೆಂದಾಗ ಅಪ್ಪ ಆ ಕಾಗದವನ್ನು ಮತ್ತೊಮ್ಮೆ ಓದಿದರು. ಆಮೇಲೆ ಮೆಲ್ಲಗೆ ಕೇಳಿದರು. "ಬಿಟ್ರೆ ಮತ್ತೆ ಸಿಗತ್ತೆ ಅಂತ ಏನು ಗ್ಯಾರಂಟಿ, ಪುಟ್ಟೀ?"



ಅಜ್ಜಿಯ ಪ್ರಶ್ನೆ ಬೇರೆ. "ನಾ ಎಬ್ಬಿಸಿದ್ದಕ್ಕ ಹಿಂಗಾತೇನವಾ?"

ಅಲ್ಲ ಎಂದೆ. ಅವಳು ನಂಬಲಿಲ್ಲ. ಈಗ ಬೆಳಿಗ್ಗೆ ನನ್ನ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಾಳೆ. ನಾನೇಳುವವರೆಗೆ ಮನೆಯಲ್ಲಿ ಮಿಕ್ಸಿ ತಿರುಗುವ ಹಾಗಿಲ್ಲ, ಅಪ್ಪ ಸೀನುವ ಹಾಗೂ ಇಲ್ಲ. ಬಿದ್ದು ಏಳು ವಾರವಾಯಿತು, ಮತ್ತೆ ಬಿದ್ದಿಲ್ಲ. ಇಷ್ಟನ್ನು ಗಟ್ಟಿಯಾಗಿ ಹೇಳಲೂ ಹೆದರಿಕೆ.

ಎರಡು ವಾರದ ಹಿಂದೆ, ಗಡುವಿನ ದಿನ, ಮಹಡಿಯಿಂದ ಅಡ್ಮಿಷನ್ಸ್ ಆಫೀಸಿಗೆ ಫೋನು ಮಾಡಿದೆ. ಸೀಟು ಬೇಡವೆಂದಾಗ ಫೋನೆತ್ತಿದ ಹೆಂಗಸು, ಖಚಿತವೇ ಎಂದು ಎರಡು ಸಲ ಕೇಳಿದಳು. ಕೆಳಗೆ ಅದೇ ಲೈನಿನ ಇನ್ನೊಂದು ಫೋನು ಎತ್ತಿಕೊಂಡು ಅಪ್ಪ ಕೇಳಿಸಿಕೊಳ್ಳುತ್ತಿದ್ದರು. ಅವರ ಉಸಿರು ನನಗೆ ಕೇಳುತ್ತಿತ್ತು. ಈಗ ಬಾಯಿ ಹಾಕುತ್ತಾರೆ ಎಂದುಕೊಂಡೆ. ಹಾಕಲಿಲ್ಲ.

ಖಚಿತ ಎಂದೆ. ಕಾಲೇಜು ಮುಗಿಸಿ ಎಲ್ಲರಂತೆ ಅರ್ಜಿ ಹಾಕಬಹುದು ಎಂದು ಹೇಳಿ ಅವಳು ಫೋನಿಟ್ಟಳು. ನಾನು ಇಡಲಿಲ್ಲ. ಅಪ್ಪನೂ ಇಡಲಿಲ್ಲ.

"ಮಾತ್ರೆ ತಗೊಂಡ್ಯಾ?" ಅಂದರು.